ಟೆಂಟಿನೊಳಗಿನ ನೀರು ಯಾರದು?

ಮಲ್ಲೇಶ್ವರದ ಸಂಪಿಗೆ ರಸ್ತೆಯ ಅಂಗಡಿಯೊಂದರಲ್ಲಿ ಟೆಂಟು ಕೊಳ್ಳುವಾಗ, ಒಂದು ಹನಿ ನೀರೂ ಒಳಗೆ ಬರುವುದಿಲ್ಲ ಎಂದು ಮಾಲೀಕರು ಎದೆ ತಟ್ಟಿ ಹೇಳಿದ್ದರು. ಮಾಗಡಿ ಕಡೆಯ ಕೆರೆ ದಂಡೆಯಲ್ಲಿ ಅದರೊಳಗೆ ಮಲಗಿದ್ದ ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ಎದ್ದಾಗ ಹೊದಿಕೆ ಹಿಂಡುವಷ್ಟು ಒದ್ದೆಯಾಗಿತ್ತು. ಮಳೆಯಂತೂ ಬಂದಿರಲಿಲ್ಲ. ಸೋಮವಾರವೇ ಟೆಂಟು ಹೊತ್ತುಕೊಂಡು ಅಂಗಡಿಗೆ ಹೋದೆ.

“ಇದು ಸೋರ್ತಿದೆ, ಬದಲಾಯಿಸಿ ಕೊಡಿ,” ಅಂದೆ.

ಮಾಲೀಕರು ಬಟ್ಟೆ ಸವರಿ ನೋಡಿದರು. “ಕಿಟಕಿ ತೆಗೆದಿದ್ರಾ ಸಾರ್?”

“ಆ ಚಳೀಲಿ ಯಾರು ತೆಗೀತಾರೆ? ಎಲ್ಲಾ ಜಿಪ್ ಹಾಕಿದ್ವಿ. ಒದ್ದೆ ಶೂನೂ ಒಳಗೇ ಇಟ್ಕೊಂಡಿದ್ವಿ.”

“ಹಾಗಾದ್ರೆ ಆ ನೀರು ನಿಮ್ದೇ. ನೀವಿಬ್ರು ಬಿಟ್ಟ ಉಸಿರು ತಣ್ಣಗಿರೋ ಬಟ್ಟೆಗೆ ತಾಗಿ ನೀರಾಗಿದೆ. ನಮ್ಮ ಟೆಂಟು ಅದನ್ನೂ ಆಚೆ ಬಿಟ್ಟಿಲ್ಲ ನೋಡಿ.”

ಅವರ ಮುಖದಲ್ಲಿ ಮಗನಿಗೆ ರ್‍ಯಾಂಕ್ ಬಂದಷ್ಟು ಹೆಮ್ಮೆಯಿತ್ತು. ಉಸಿರು ನಮ್ಮದಲ್ಲ ಎಂದು ವಾದಿಸುವುದು ಹೇಗೆ? ಬೇರೆ ಟೆಂಟು ಸಿಗಲಿಲ್ಲ. ಎರಡೂ ಕಿಟಕಿಗಳನ್ನು ಒಂದು ಗೇಣು ತೆರೆದಿಟ್ಟು, ಒದ್ದೆ ಸಾಮಾನು ಹೊರಗಿಡಿ ಎಂಬ ಉಪದೇಶ ಮಾತ್ರ ಧಾರಾಳವಾಗಿ ಸಿಕ್ಕಿತು.

ಮುಂದಿನ ಸಲ ಹಾಗೇ ಮಾಡಿದೆವು. ಟೆಂಟು ಗರಿಗರಿಯಾಗಿ ಒಣಗಿಯೇ ಇತ್ತು. ನಮ್ಮಿಬ್ಬರ ಮೂಗು ಮಾತ್ರ ವಾರವಿಡೀ ಸುರಿಯಿತು. ಮೂಗಿಗೆ ಗ್ಯಾರಂಟಿ ಕೊಡುವ ಅಂಗಡಿ ಮಲ್ಲೇಶ್ವರದಲ್ಲಿ ಇನ್ನೂ ತೆರೆದಿಲ್ಲ.