ಸದ್ದಿಲ್ಲದ ಗೇರ್ ಬಾಕ್ಸ್

೧೯೫೭ರಲ್ಲಿ ನಾನು ಸಾಗರದ ಒಂದು ಖಾಸಗಿ ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ಜೀಪು ಕೆಟ್ಟರೆ ಹೆಚ್ಚಾಗಿ ನಮ್ಮ ತಗಡಿನ ಶೆಡ್ಡಿಗೇ ಬರುತ್ತಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿಗಳವು. ನಾವು ಅವನ್ನು ಡಿಸ್ಪೋಸಲ್ ಜೀಪು ಎನ್ನುತ್ತಿದ್ದೆವು. ನಮಗಿಂತ ಹೆಚ್ಚು ದೇಶ ಸುತ್ತಿದ ಗಾಡಿಗಳು, ಒಂದಕ್ಕೂ ನೆಟ್ಟಗಿನ ಮೈಯಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ತೀರ್ಥಹಳ್ಳಿಯ ಒಂದು ಹೆರಿಗೆ ಆಸ್ಪತ್ರೆಯ ಜೀಪನ್ನು ಲಾರಿಗೆ ಕಟ್ಟಿ ಎಳೆದು ತಂದರು. ಗೇರ್ ಬಾಕ್ಸ್ ಒಡೆದು ಒಳಗಿನ ಹಲ್ಲುಗಳು ಪುಡಿಯಾಗಿದ್ದವು. ಆಸ್ಪತ್ರೆಯ ಡಾಕ್ಟರ್ ಕಮಲಮ್ಮನವರು ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ತಾವೇ ಬಂದಿದ್ದರು. ಎತ್ತಿನ ಗಾಡಿ ಹೋಗದ ಹಳ್ಳಿಗಳಿಗೂ ಆ ಜೀಪಿನಲ್ಲಿ ಹೋಗಿ ಹೆರಿಗೆ ಮಾಡಿಸಿ ಬರುತ್ತಿದ್ದವರು. ಕಷ್ಟದ ಕೇಸುಗಳನ್ನು ಆಗುಂಬೆ ಘಾಟಿ ಇಳಿಸಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಸೇರಿಸಲು ಅವರಿಗಿದ್ದದ್ದು ಅದೊಂದೇ ಗಾಡಿ.

"ಬೇಗ ಮಾಡಿಕೊಡಿ. ಈ ಜೀಪು ನಿಂತ್ರೆ ಯಾರಾದ್ರೂ ಒಬ್ಬಳು ಬಸುರಿ ಸಾಯ್ತಾಳೆ" ಎಂದರು.

ಬೊಂಬಾಯಿಯಿಂದ ಹೊಸ ಗೇರ್ ಬಾಕ್ಸ್ ತರಿಸಲು ತಿಂಗಳುಗಟ್ಟಲೆ ಕಾಯಬೇಕು. ಹತ್ತಿರದಲ್ಲೇ ಹಳೆಯವು ಎರಡಿದ್ದವು. ಒಂದು ಹೊಸನಗರದ ಮರದ ನಾಟಾ ಕಂಟ್ರಾಕ್ಟರರ ಮುರುಕು ಜೀಪಿನದು. ಇನ್ನೊಂದು ತೀರ್ಥಹಳ್ಳಿಯ ಅಕ್ಕಿ ಮಿಲ್ಲಿನ ಯಜಮಾನರದು, ಎಂಜಿನ್ ಬಿರುಕು ಬಿಟ್ಟು ಮೂಲೆ ಸೇರಿದ ಗಾಡಿಯದು. ಎರಡೂ ನಮ್ಮ ಜೀಪಿಗೆ ಬೋಲ್ಟ್ ಬೋಲ್ಟಿಗೂ ಹೊಂದುತ್ತಿದ್ದವು.

ಆಗ ನಮ್ಮ ಕಡೆ ಗೇರ್ ಬಾಕ್ಸನ್ನು ಆರಿಸುತ್ತಿದ್ದದ್ದು ಕಿವಿಯಿಂದ. ಗಾಡಿಯ ಹಿಂದಿನ ಚಕ್ರಗಳನ್ನೆತ್ತಿ ಗೇರಿನಲ್ಲಿ ತಿರುಗಿಸುತ್ತಾ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬಾಕ್ಸಿನ ಮೈಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗಿನ ಬೇರಿಂಗಿನ ಸದ್ದೆಲ್ಲ ಕೇಳುತ್ತದೆ. ಹೊಸನಗರದ್ದಕ್ಕೆ ಸ್ಕ್ರೂಡ್ರೈವರೇ ಬೇಕಿರಲಿಲ್ಲ, ಊಳಿಡುತ್ತಿತ್ತು. ಮಿಲ್ಲಿನದು ಮಾತ್ರ ಮಲಗಿದ ಮಗುವಿನಷ್ಟು ಶಾಂತ. ಮೇಲಿನ ಮುಚ್ಚಳ ತೆಗೆದು ನೋಡಿದೆ. ಹಲ್ಲುಗಳು ಹೊಳೆಯುತ್ತಿದ್ದವು.

ಸಾಲದ್ದಕ್ಕೆ ಮಿಲ್ಲಿನ ಡ್ರೈವರ್ ಮಂಜಪ್ಪ ಸಾಕ್ಷಿಗೆ ನಿಂತರು. ತೀರ್ಥಹಳ್ಳಿ ಪೇಟೆಯಲ್ಲಿ ಅವರ ಮಾತೆಂದರೆ ಮಾತು. ಕುಡಿತವಿಲ್ಲ, ಸುಳ್ಳಿಲ್ಲ.

"ಎರಡು ವರ್ಷ ಆಗುಂಬೆ ಘಾಟಿ ಹತ್ಸಿ ಇಳ್ಸೀನಿ ಸ್ವಾಮಿ. ಒಂದಿನ ಎಂತದೂ ತಕರಾರು ಮಾಡ್ಲಿಲ್ಲ. ಬೇಕಾದ್ರೆ ದೇವ್ರ ಮುಂದೆ ಹೇಳ್ತೀನಿ" ಎಂದರು.

ಇನ್ನೇನು ಬೇಕು? ಅದನ್ನೇ ಕೂರಿಸಿದೆವು. ಸಾಗರದ ಸುತ್ತಲಿನ ಏರುಗಳಲ್ಲೆಲ್ಲ ಭಾರ ಹೇರಿ ಹತ್ತಿಸಿದೆವು, ಬೆಣ್ಣೆಯ ಹಾಗೆ ಹೋಯಿತು. ಆಸ್ಪತ್ರೆಯ ಡ್ರೈವರ್ ಬಾಬಣ್ಣನಿಗಂತೂ ಖುಷಿಯೋ ಖುಷಿ. ಹೊಸನಗರದ ಮೇಲೆ ತೀರ್ಥಹಳ್ಳಿಗೆ ಜೀಪು ಮುಟ್ಟಿಸಲು ನಾನೂ ಅವನ ಜೊತೆ ಹೋದೆ. ದಾರಿಯ ಸಣ್ಣಪುಟ್ಟ ಇಳಿಜಾರುಗಳನ್ನು ಟಾಪ್ ಗೇರಿನಲ್ಲೇ ದಾಟಿದೆವು.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಮ್ಮ ಕಾಯುತ್ತಿದ್ದರು. ಗಿರಿಜೆ ಎಂಬ ಚೊಚ್ಚಲ ಬಸುರಿ, ಮಗು ಅಡ್ಡ ತಿರುಗಿತ್ತು. ಆಪರೇಷನ್ ಆಗಲೇಬೇಕು. ನಮಗೆ ಕಾಫಿ ಕುಡಿಯಲೂ ಬಿಡಲಿಲ್ಲ. ಹಿಂದೆ ಹಾಸಿಗೆ ಹಾಸಿ ಗಿರಿಜೆಯನ್ನು ಮಲಗಿಸಿ, ಪಕ್ಕದಲ್ಲಿ ಅವಳ ತಾಯಿಯನ್ನು ಕೂರಿಸಿ, ತಾವೂ ಹತ್ತಿದರು. ಗಾಡಿಯ ಮೇಲೆ ಒಂದು ಕಣ್ಣಿಡೋಣವೆಂದು ನಾನು ಮುಂದೆಯೇ ಕುಳಿತೆ.

ಆಗುಂಬೆ ದಾಟಿ ಘಾಟಿಯ ಬಾಯಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ಬಾಬಣ್ಣ ಸೆಕೆಂಡ್ ಗೇರಿಗೆ ಹಾಕಿದ. ಘಾಟಿ ಇಳಿಯುವ ಸರಿಯಾದ ಕ್ರಮವೇ ಅದು. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಹಿಡಿದುಕೊಳ್ಳುತ್ತದೆ, ಬ್ರೇಕಿನ ಮೇಲೆ ಭಾರ ಬೀಳುವುದಿಲ್ಲ. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಆಮೇಲೆ 'ಟಕ್' ಎಂದು ಒಂದೇ ಸದ್ದು. ಗೇರಿನ ಕಡ್ಡಿ ತಾನಾಗಿ ನ್ಯೂಟ್ರಲ್ಲಿಗೆ ಹಾರಿತು. ಎಂಜಿನ್ನಿನ ಗೊರಗೊರ ಅಡಗಿ, ಗಾಡಿ ಮುಂದಕ್ಕೆ ನುಗ್ಗಿತು.

"ಗೇರು ಹಾರ್ತು ಸಾರ್!" ಎಂದ ಬಾಬಣ್ಣ.

ಮತ್ತೆ ಹಾಕಿದ, ಮತ್ತೆ ಹಾರಿತು. ನಾನು ಎರಡೂ ಕೈಯಲ್ಲಿ ಕಡ್ಡಿಯನ್ನು ಅಮುಕಿ ಹಿಡಿದೆ. ಒಳಗೆ ಯಾರೋ ಕುಳಿತು ನನ್ನ ಕೈಯನ್ನು ತಳ್ಳಿದ ಹಾಗೆ ಅದು ಕಿತ್ತುಕೊಂಡು ಹೊರಬಂತು. ಆ ತಳ್ಳುವಿಕೆ ಈಗಲೂ ನನ್ನ ಅಂಗೈಗೆ ನೆನಪಿದೆ. ಬ್ರೇಕಿನಿಂದ ಸುಟ್ಟ ವಾಸನೆ ಬಂತು, ಪೆಡಲ್ ಮೆತ್ತಗಾಯಿತು. ಹ್ಯಾಂಡ್‌ಬ್ರೇಕೂ ಹಿಡಿಯಲಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ, ಅದರಾಚೆ ಬರೀ ಗಾಳಿ. ನಾನಿನ್ನೂ ಕಡ್ಡಿಯನ್ನೇ ಅಮುಕುತ್ತಿದ್ದೆ. ಕೂಗಿದವರು ಡಾಕ್ಟರಮ್ಮ.

"ಗುಡ್ಡಕ್ಕೆ ಹೊಡಿಯೋ ಬಾಬಣ್ಣ!"

ಹೊಡೆದ. ಗಾಡಿ ಚರಂಡಿಗಿಳಿದು, ಗುಡ್ಡವನ್ನು ಉಜ್ಜುತ್ತಾ ಹೋಗಿ, ಓರೆಯಾಗಿ ನಿಂತಿತು. ತಿರುಗಿ ನೋಡಿದರೆ ಡಾಕ್ಟರಮ್ಮ ಗಿರಿಜೆಯ ಹೊಟ್ಟೆಗೆ ಅಡ್ಡಲಾಗಿ ಬಾಗಿದ್ದರು. ಗಾಡಿಯ ಕಬ್ಬಿಣಕ್ಕೆ ಸಿಕ್ಕಿ ಅವರ ಬಲಗೈ ಮುರಿದಿತ್ತು. ಅವರು ಎಡಗೈಯಲ್ಲಿ ಹೊಟ್ಟೆ ಮುಟ್ಟಿ ನೋಡಿ, "ಮಗು ಆಡ್ತಿದೆ" ಎಂದರು. ನಾನು ಕೆಳಗಿಳಿದು ಚಕ್ರಗಳಿಗೆ ಕಲ್ಲು ಕೊಟ್ಟೆ.

ಹಿಂದೆಯೇ ಬಂದ ಒಂದು ಬಾಡಿಗೆ ಕಾರಿನವನು ತನ್ನ ಪ್ರಯಾಣಿಕರನ್ನು ಇಳಿಸಿ ಇವರನ್ನು ಹತ್ತಿಸಿಕೊಂಡ. ಕರಾವಳಿಯ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ತಾಯಿಯೂ ಮಗುವೂ ಉಳಿದರು, ಹೆಣ್ಣು ಮಗು. ಡಾಕ್ಟರಮ್ಮನ ಕೈ ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು. ಅಷ್ಟು ಕಾಲ ಆ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ಡಾಕ್ಟರಿರಲಿಲ್ಲ.

ಜೀಪನ್ನು ಸಾಗರಕ್ಕೆ ಎಳೆದು ತಂದು ಬಾಕ್ಸನ್ನು ಪೂರ್ತಿ ಬಿಚ್ಚಿದೆ. ಒಳಗಿನ ಒಂದು ವಾಷರ್ ಸವೆದು ಕಾಗದದಂತಾಗಿತ್ತು, ಕಡ್ಡಿಯನ್ನು ಹಿಡಿದಿಡುವ ಸ್ಪ್ರಿಂಗ್ ಸೋತಿತ್ತು. ಏರು ಹತ್ತುವಾಗ ಎಂಜಿನ್ ಚಕ್ರಗಳನ್ನು ತಿರುಗಿಸುತ್ತದೆ, ಆಗ ಗೇರು ತನ್ನ ಜಾಗಕ್ಕೇ ಒತ್ತಿಕೊಂಡಿರುತ್ತದೆ. ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಒತ್ತಡ ಹಿಂದುಮುಂದಾಗಿ ಗೇರು ಜಾರುತ್ತದೆ. ಟಾಪ್ ಗೇರಿಗೆ ಈ ದೋಷ ತಟ್ಟುವುದಿಲ್ಲ, ಅದಕ್ಕೇ ತೀರ್ಥಹಳ್ಳಿಯ ದಾರಿಯಲ್ಲಿ ನಮಗೆ ಸಿಕ್ಕಿರಲಿಲ್ಲ. ಇದು ಎರಡು ವರ್ಷ ಘಾಟಿ ಇಳಿದ ಮನುಷ್ಯನಿಗೆ ಗೊತ್ತಾಗಲಿಲ್ಲವೇ? ನನ್ನ ಮೈಯೆಲ್ಲ ಉರಿದುಹೋಯಿತು.

ಸುದ್ದಿ ಕೇಳಿ ಮಂಜಪ್ಪ ತಾವಾಗಿಯೇ ವರ್ಕ್‌ಶಾಪಿಗೆ ಬಂದರು. ಮುಖ ಸುಣ್ಣವಾಗಿತ್ತು.

"ಮಂಜಪ್ಪನೋರೇ, ಘಾಟಿಯನ್ನ ಯಾವ ಗೇರಲ್ಲಿ ಇಳಿಸ್ತಿದ್ರಿ?" ಎಂದೆ.

"ಗೇರಲ್ಲಾ? ಗೇರಲ್ಲಿ ಯಾರು ಇಳಿಸ್ತಾರೆ ಸ್ವಾಮಿ? ಮೇಲೆ ನ್ಯೂಟ್ರಲ್ ಮಾಡಿ ಎಂಜಿನ್ ಆಫ್ ಮಾಡಿದ್ರೆ ಸೀದಾ ಘಾಟಿ ಕೆಳಗೆ ಸೋಮೇಶ್ವರ. ಒಂದು ತೊಟ್ಟು ಪೆಟ್ರೋಲ್ ಬೇಡ. ಅದಕ್ಕೇ ಅಲ್ವಾ ಯಜಮಾನ್ರು ನನ್ನ ಹೊಗಳ್ತಿದ್ದಿದ್ದು?"

ಘಾಟಿಯ ತಿರುವಿನಲ್ಲಿಯೂ ನಾನು ಅಷ್ಟು ಬೆಚ್ಚಿರಲಿಲ್ಲ. ಎರಡು ವರ್ಷ, ಯಜಮಾನರನ್ನೂ ಅವರ ಮನೆಮಂದಿಯನ್ನೂ ಕೂರಿಸಿಕೊಂಡು, ಈ ಸಾಧು ಮನುಷ್ಯ ಬರೀ ಬ್ರೇಕನ್ನು ನಂಬಿ ಆ ಕಂದಕದ ಅಂಚಿನಲ್ಲಿ ಜಾರುತ್ತಾ ಬಂದಿದ್ದರು. ಗೇರಿಗೆ ಹಾಕಿದ್ದರೆ ಮೊದಲ ದಿನವೇ ದೋಷ ಸಿಕ್ಕುತ್ತಿತ್ತು. ಅವರು ಹೇಳಿದ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. ಬೈಯಲು ಯಾರೂ ಸಿಗಲಿಲ್ಲ.

ಕೊನೆಗೆ ಹೊಸನಗರದ ಊಳಿಡುವ ಬಾಕ್ಸನ್ನೇ ತರಿಸಿದೆ. ನಾಟಾ ಹೇರಿಕೊಂಡು ಯಾವಾಗಲೂ ಗೇರಿನಲ್ಲೇ ಇಳಿದೂ ಇಳಿದೂ ಅದರ ಹಲ್ಲು ಸವೆದಿತ್ತು. ಊಳಿಗೆ ಕಾರಣ ಅಷ್ಟೇ. ಸ್ಪ್ರಿಂಗು, ವಾಷರುಗಳೆಲ್ಲ ಗಟ್ಟಿಯಾಗಿದ್ದವು. ಆಗುಂಬೆಯಲ್ಲಿ ಅದರ ಪರೀಕ್ಷೆಗೆ ಹೊರಟಾಗ ಮಂಜಪ್ಪ ತಾವೂ ಬರುವುದಾಗಿ ಹೇಳಿ ಹತ್ತಿದರು. ಬಾಬಣ್ಣ ಸೆಕೆಂಡಿಗೆ ಹಾಕಿದ. ಬಾಕ್ಸ್ ಉದ್ದಕ್ಕೂ ಊಳಿಟ್ಟಿತು, ಆದರೆ ಕಡ್ಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ತಿರುವು ತಿರುವಿನಲ್ಲೂ ಜೀಪು ನಡೆದುಕೊಂಡು ಹೋಗುವವರ ವೇಗದಲ್ಲಿ ಇಳಿಯಿತು. ಮಂಜಪ್ಪ ಇಡೀ ದಾರಿ ಕಟ್ಟೆಯಾಚೆಗೇ ನೋಡುತ್ತಿದ್ದರು. ಸೋಮೇಶ್ವರದಲ್ಲಿ ಗಾಡಿ ನಿಂತ ಮೇಲೂ ಕೆಳಗಿಳಿಯಲಿಲ್ಲ.

"ಎರಡು ವರ್ಷ ನಾನು ಈ ಘಾಟಿ ಇಳ್ದಿದ್ದಲ್ಲ ಸ್ವಾಮಿ, ಬಿದ್ದಿದ್ದು" ಎಂದು ಮುಖ ಮುಚ್ಚಿಕೊಂಡರು.

ಆಮೇಲೆ ಮೂವತ್ತು ವರ್ಷ ಇದೇ ಕೆಲಸ ಮಾಡಿದೆ. ಏರಿನಲ್ಲಿ ಗೆದ್ದ ಗಾಡಿಯನ್ನು ಇಳಿಜಾರಿನಲ್ಲಿ ಓಡಿಸಿ ನೋಡದೆ ಒಂದನ್ನೂ ಶೆಡ್ಡಿನಿಂದ ಕಳಿಸಲಿಲ್ಲ. ಯಾವ ಡ್ರೈವರ್ ಬಂದು ಏನೂ ತೊಂದರೆಯಿಲ್ಲ ಎಂದು ಆಣೆಯಿಟ್ಟರೂ, ಆಣೆ ಆಮೇಲಿರಲಿ, ನೀವು ಇಳಿಯೋದು ಹೇಗೆ ಅದನ್ನ ಹೇಳಿ ಎಂದು ಕೇಳುತ್ತಿದ್ದೆ.