‘ಬುಡ್ಲೆ’ ಎಂಬ ಮಾತಿಗೆ ನಾನು ಹೇಳಿದ ಇಂಗ್ಲಿಷ್

ದೇಜಪ್ಪನ ತಾಯಿ ಅವತ್ತು ಆಡಿದ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹೆಡ್ಮಾಸ್ಟರರಿಗೆ ತಪ್ಪಾಗಿ ಹೇಳಿದೆ. ಬೇಕೆಂದೇ ಹೇಳಿದೆ. ನನ್ನ ಒಂದೇ ಒಂದು ವಾಕ್ಯದಿಂದ ನಮ್ಮ ತರಗತಿಯ ಎಲ್ಲರಿಗಿಂತ ಬುದ್ಧಿವಂತ ಹುಡುಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರದೆ ಶಾಲೆ ಬಿಡಬೇಕಾಯಿತು. ಆಮೇಲೆ ಇಷ್ಟೂ ವರ್ಷ ಅದನ್ನು ನನ್ನ ಇಂಗ್ಲಿಷಿನ ಎಡವಟ್ಟು ಎಂದು — ತಮಾಷೆಯ ಕಥೆ ಎಂದು — ಹೇಳಿಕೊಂಡು ಬಂದೆ. ಎಡವಟ್ಟಲ್ಲ ಅದು. ತಮಾಷೆಯಂತೂ ಅಲ್ಲವೇ ಅಲ್ಲ.

ಹಳೆ ವಿದ್ಯಾರ್ಥಿ ಸಂಘದವರು ನನ್ನಲ್ಲಿ ಕೇಳಿದ್ದು ಇದನ್ನಲ್ಲ. ಅವರಿಗೆ ಬೇಕಾದದ್ದು ಶಾಲೆಯ ಇತಿಹಾಸ. ಮೂಡುಬಿದಿರೆಯ ನಮ್ಮ ಹಳೆಯ ಇಂಗ್ಲಿಷ್ ಶಾಲೆಗೆ ಒಂದು ನೆನಪಿನ ಪುಸ್ತಕ ಬರುತ್ತದೆ, ಅದರ ಮೊದಲ ಲೇಖನ ನನ್ನದಾಗಬೇಕು. ಬಂಟ್ವಾಳದ ಕೋರ್ಟಿನಲ್ಲಿ ಕೂದಲು ನರೆಯುವವರೆಗೆ ವಕೀಲಿಕೆ ಮಾಡಿದವನು, ಬರೆಯಲೂ ಬರುತ್ತದೆ, ಸಭೆಯನ್ನು ನಗಿಸಲೂ ಬರುತ್ತದೆ — ಇವನಿಗಿಂತ ಬೇರೆ ಯಾರು? "ಆ ಬುಡ್ಲೆ ಜೋಕ್ ಮಾತ್ರ ಬಿಡ್ಬೇಡ ಮಾರಾಯ, ಅದಿಲ್ಲದಿದ್ರೆ ನಮ್ಮ ಶಾಲೆಯ ಇತಿಹಾಸವೇ ಅಲ್ಲ," ಎಂದು ಸಂಘದ ಅಧ್ಯಕ್ಷ, ನನ್ನದೇ ಬೆಂಚಿನ ಸುಧಾಕರ, ಫೋನಿನಲ್ಲಿ ಎರಡೆರಡು ಸಲ ಹೇಳಿದ. ಸರಿ ಸುಧಾಕರ, ಬಿಡುವುದಿಲ್ಲ. ಅದನ್ನೇ ಬರೆಯುತ್ತಿದ್ದೇನೆ. ಅಚ್ಚು ಹಾಕುವ ಧೈರ್ಯ ನಿಮಗೆ ಉಂಟೋ ಇಲ್ಲವೋ ನೀವೇ ನೋಡಿಕೊಳ್ಳಿ.

ಇತಿಹಾಸ ಬೇಕಲ್ಲವೇ — ಅದನ್ನೂ ಹೇಳುತ್ತೇನೆ. ಗುಡ್ಡದ ಮೇಲೆ ಕೆಂಪು ಮುರಕಲ್ಲಿನ ಉದ್ದನೆಯ ಕಟ್ಟಡ. ಬ್ರಿಟಿಷರ ಕಾಲದಲ್ಲಿ ಊರಿನ ಧಣಿಗಳು ತಮ್ಮ ಗಂಡುಮಕ್ಕಳು ದೊರೆಗಳ ಎದುರು ಕೈಕಟ್ಟಿ ನಿಲ್ಲದೆ ಕುರ್ಚಿಯಲ್ಲಿ ಕೂತು ಮಾತಾಡಬೇಕು ಎಂದು ಕಟ್ಟಿಸಿದ್ದು. ಬಾಗಿಲ ಮೇಲೆ ಲ್ಯಾಟಿನ್ನಿನಲ್ಲಿ ಏನೋ ಕೆತ್ತಿದ್ದಾರೆ. ಅದರ ಅರ್ಥ ನನಗೆ ಇವತ್ತಿಗೂ ಗೊತ್ತಿಲ್ಲ, ನಮಗೆ ಕಲಿಸಿದವರಿಗೂ ಗೊತ್ತಿರಲಿಲ್ಲ. ಈಗ ಅಲ್ಲಿ ಹುಡುಗಿಯರೂ ಕಲಿಯುತ್ತಾರೆ, ಆಗ ಬರೀ ಗಂಡುಹುಡುಗರು. ಗೇಟು ದಾಟಿದ ಮೇಲೆ ಇಂಗ್ಲಿಷ್ ಮಾತ್ರ. ತುಳು ಬಾಯಿಗೆ ಬಂದರೆ ಅಂಗೈ ಮೇಲೆ ಬೆತ್ತ. ಹಾಗಾಗಿ ನಾವು ಗೇಟಿನ ಹೊರಗೆ ಒಂದಿಷ್ಟು ಹೊತ್ತು ನಿಂತು, ಬಾಯಲ್ಲಿದ್ದ ತುಳುವನ್ನೆಲ್ಲ — ಬೈಗುಳ ಸಮೇತ — ಖಾಲಿ ಮಾಡಿ ಒಳಗೆ ಹೋಗುತ್ತಿದ್ದೆವು. "ಉಗುಳಿ ಆಯ್ತಾ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಹೆಮ್ಮೆಯಿಂದ ಹೇಳಿಕೊಳ್ಳುವ ಶಿಸ್ತು ಅಂದರೆ ಇದು. ಮನೆಯ ಭಾಷೆಯನ್ನು ಗೇಟಿನ ಹೊರಗೆ ಉಗುಳುವ ಶಿಸ್ತು.

ನಾವು ಹತ್ತನೆಯಲ್ಲಿದ್ದಾಗ ಹೆಡ್ಮಾಸ್ಟರರಾಗಿದ್ದವರು ಮದರಾಸಿನ ಕಡೆಯವರು. ತುಳು ಬಾರದು, ಕನ್ನಡ ಇಲ್ಲವೇ ಇಲ್ಲ ಎನ್ನಬಹುದು. ಹುಡುಗರ ತಂದೆತಾಯಿ ಬಂದಾಗ ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಲು ಅವರು ನನ್ನನ್ನು ಕರೆಯುತ್ತಿದ್ದರು. ನಾನು ಅವರ ಕುರ್ಚಿಯ ಪಕ್ಕ ನಿಲ್ಲುತ್ತಿದ್ದೆ. ಮೀಸೆ ಹೊತ್ತ ಗಂಡಸರು ಹೆಡ್ಮಾಸ್ಟರರನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಆ ನೋಟದ ರುಚಿ — ಅದನ್ನು ಹೇಗೆ ಹೇಳಲಿ. ಊಟ ಬಿಟ್ಟರೂ ಆದೀತು, ಅದನ್ನು ಬಿಡಲು ನನ್ನಿಂದಾಗುತ್ತಿರಲಿಲ್ಲ.

ದೇಜಪ್ಪ ನಮ್ಮ ಒಕ್ಕಲಿನ ಹುಡುಗ. ಶಿರ್ತಾಡಿಯಲ್ಲಿ ನಮ್ಮ ಗದ್ದೆಯನ್ನು ಅವನ ಮನೆಯವರು ಗೇಣಿಗೆ ಮಾಡುತ್ತಿದ್ದರು. ತಂದೆ ಇರಲಿಲ್ಲ. ತಾಯಿ ಗದ್ದೆ ಕೆಲಸ ಮುಗಿಸಿ ಬೀಡಿ ಕಟ್ಟಿ ಅವನನ್ನು ಓದಿಸುತ್ತಿದ್ದರು. ನನಗೆ ಮನೆಗೆ ಬಂದು ಪಾಠ ಹೇಳುವ ಮೇಷ್ಟ್ರಿದ್ದರು. ಅವನಿಗೆ ಯಾರೂ ಇರಲಿಲ್ಲ. ಆದರೂ ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು. ಒಂದು ದಿನ ಹೆಡ್ಮಾಸ್ಟರರು ಇಡೀ ತರಗತಿಯ ಎದುರು ಹೇಳಿಬಿಟ್ಟರು — ಮುಂದಿನ ತಿಂಗಳಿನಿಂದ ದೇಜಪ್ಪನೇ ತಮ್ಮ ಪಕ್ಕ ನಿಲ್ಲಲಿ ಎಂದು. ನಮ್ಮ ಗದ್ದೆಯ ಹುಡುಗ. ನನ್ನ ಜಾಗದಲ್ಲಿ. ಹೊಟ್ಟೆಕಿಚ್ಚಿಗೆ ಬೇರೆ ಒಳ್ಳೆಯ ಹೆಸರು ಹುಡುಕುವುದಿಲ್ಲ, ಅದು ಹೊಟ್ಟೆಕಿಚ್ಚೇ.

ಅದೇ ವಾರ ದೇಜಪ್ಪ ಶಾಲೆ ತಪ್ಪಿಸಿ ಕೋಳಿ ಅಂಕಕ್ಕೆ, ಕೋಳಿಗಳನ್ನು ಕಾದಾಡಿಸುವ ಜೂಜಿಗೆ, ಹೋದ. ನಾವೆಲ್ಲರೂ ಒಂದಲ್ಲ ಒಂದು ದಿನ ಹೋದವರೇ, ಸಿಕ್ಕಿಬಿದ್ದವನು ಅವನು. ಯಾರೋ ಹೆಡ್ಮಾಸ್ಟರರಿಗೆ ತಿಳಿಸಿದರು. ಅದು ನಾನಲ್ಲ — ಅಷ್ಟನ್ನು ನಂಬಿ, ನಂಬದಿದ್ದರೂ ನಡೆಯುತ್ತದೆ. ತಾಯಿಯನ್ನು ಕರೆದುಕೊಂಡು ಬಾ ಎಂದರು. ಮರುದಿನ ಅವರು ಬಂದರು. ಒಗೆದ ಸೀರೆ, ಬೀಡಿ ಎಲೆ ಕತ್ತರಿಸಿ ಒರಟಾದ ಬೆರಳು. ಒಳಗೆ ಹೆಡ್ಮಾಸ್ಟರರು, ನಾನು, ಆಕೆ. ದೇಜಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಬಾಗಿಲು ತೆರೆದೇ ಇತ್ತು.

ಆಕೆ ಕೈ ಮುಗಿದು ಹೇಳಿದ್ದು ಇಷ್ಟೇ: "ಆಯನ್ ಒಂಜಿ ಸರ್ತಿ ಬುಡ್ಲೆ ಸ್ವಾಮಿ. ಆಯೆ ನನ ಪೋಪುಜೆ."

ಅವನನ್ನು ಒಂದು ಸಲ ಬಿಟ್ಟುಬಿಡಿ ಸ್ವಾಮಿ, ಇನ್ನು ಅವನು ಹೋಗುವುದಿಲ್ಲ. ತುಳುನಾಡಿನ ಎಳೆಮಗುವಿಗೂ ತಿಳಿಯುವ ಮಾತು. ಬುಡ್ಲೆ ಅಂದರೆ ಬಿಡಿ; ಇಲ್ಲಿ, ಮನ್ನಿಸಿ.

"ವಾಟ್ ಡಸ್ ಶೀ ಸೇ?" ಎಂದರು ಹೆಡ್ಮಾಸ್ಟರರು.

ನಾನು ತಡವರಿಸಲಿಲ್ಲ. "ಶೀ ಸೇಸ್, ಲೆಟ್ ಹಿಮ್ ಲೀವ್, ಸರ್. ಹೀ ವಿಲ್ ನಾಟ್ ಕಮ್ ಎಗೇನ್."

ಅವನು ಶಾಲೆ ಬಿಡಲಿ, ಇನ್ನು ಬರುವುದಿಲ್ಲ. ನೋಡಿ, ಎಷ್ಟು ಹತ್ತಿರದ ಮಾತು! ನಾಳೆ ಯಾರಾದರೂ ಹಿಡಿದರೆ, ಅಯ್ಯೋ ಬುಡ್ಲೆಗೆ ಲೀವ್ ಅಂದುಬಿಟ್ಟೆ ಸರ್ ಎಂದು ತಲೆ ಕೆರೆದುಕೊಳ್ಳಬಹುದಾದ ವಾಕ್ಯ. ಇಂಗ್ಲಿಷ್ ಬಾರದವನಿಗೆ ಇಂಥ ವಾಕ್ಯ ಹೊಳೆಯುವುದಿಲ್ಲ. ನನಗೆ ಇಂಗ್ಲಿಷ್ ಬರುತ್ತಿತ್ತು, ಅದಕ್ಕೇ ಹೊಳೆಯಿತು.

ದೇಜಪ್ಪ ಒಳಗೆ ನುಗ್ಗಿದ. ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಇಂಗ್ಲಿಷ್ ಬಲ್ಲವನು — ಆ ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ತುಳು. "ಅಪ್ಪೆ ಅಂಚ ಪಂಡಿನಿ ಅತ್ತ್!" ಅಮ್ಮ ಹೇಳಿದ್ದು ಹಾಗಲ್ಲ. ಹೆಡ್ಮಾಸ್ಟರರು ಮೇಜು ಕುಟ್ಟಿ ಎದ್ದರು. ನನ್ನ ಕೋಣೆಯಲ್ಲೇ ತುಳುವಾ? ಇಷ್ಟು ಸೊಕ್ಕಾ? ಅವನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಪ್ಯೂನ್ ಅವನ ರಟ್ಟೆ ಹಿಡಿದಾಗಿತ್ತು. ಅವನು ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಗಡಿಯಾರ ನೋಡಿದೆ.

ಆಕೆಗೆ ಏನೂ ಅರ್ಥವಾಗಿರಲಿಲ್ಲ. ಮಗ ಎದುರು ಮಾತಾಡಿದ್ದಕ್ಕೆ ಬೈಗುಳ ತಿಂದ ಎಂದಷ್ಟೇ ತಿಳಿದರು. ಹೆಡ್ಮಾಸ್ಟರರು ತಲೆ ಆಡಿಸಿ, ವರ್ಗಾವಣೆ ಪತ್ರ ಬರೆಸಲು ಗುಮಾಸ್ತರನ್ನು ಕರೆದದ್ದು ಕಂಡು, ಕೆಲಸ ಆಯಿತು, ಬಿಟ್ಟರು ಎಂದುಕೊಂಡರು. ಹೋಗುವಾಗ ನನ್ನ ಕಡೆ ತಿರುಗಿ, "ದೇವೆರ್ ಎಡ್ಡೆ ಮಲ್ಪಡ್ ಧಣಿ," ಎಂದರು. ದೇವರು ಒಳ್ಳೆಯದು ಮಾಡಲಿ. ಮಾಡಿದ ದೇವರು, ನೋಡಿ — ನಾನು ವಕೀಲನಾದೆ.

ದೇಜಪ್ಪ ಬೊಂಬಾಯಿಗೆ ಹೋದ. ಹೋಟೆಲಿನಲ್ಲಿ ಲೋಟ ತೊಳೆದು, ಗಲ್ಲಾಪೆಟ್ಟಿಗೆಯ ಮುಂದೆ ಕೂತು, ಕೊನೆಗೆ ಊರಿಗೆ ಬಂದು ಬೆಳ್ತಂಗಡಿಯಲ್ಲಿ ಸ್ವಂತ ಹೋಟೆಲ್ ತೆರೆದ. ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತವೆ. ಈಗ ಶಾಲೆಗೆ ಸಭಾಭವನ ಕಟ್ಟಿಸಿಕೊಡುತ್ತಿರುವವನು ಅವನೇ. ಇತ್ತ ನಾನು ಪ್ರತಿ ವರ್ಷದ ಕೂಟದಲ್ಲಿ ಮೈಕು ಹಿಡಿದು ಆ ಕಥೆ ಹೇಳಿದೆ. ಪಾಪದ ಹೆಂಗಸು ಬುಡ್ಲೆ ಅಂದಳು, ಪಾಪದ ನಾನು ಲೀವ್ ಅಂದೆ — ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಹೇಳಿ ಹೇಳಿ ನನಗೇ ಅದು ನಿಜವೆನಿಸಲು ಶುರುವಾಗಿತ್ತು ಎಂದು ಬರೆಯಹೊರಟಿದ್ದೆ. ಸುಳ್ಳು. ಒಂದು ಸಲವೂ ಅನಿಸಿಲ್ಲ.

ಕಳೆದ ತಿಂಗಳು ಸುಧಾಕರ ಪುಸ್ತಕ ಬಿಡುಗಡೆಯ ಕಾರ್ಯಕ್ರಮದ ವಿವರ ಹೇಳಿದ. ದೇಜಪ್ಪನ ತಾಯಿ ಇನ್ನೂ ಇದ್ದಾರೆ, ಅವರನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸುವುದು. ಆಮೇಲೆ ನಾನು ಜೋಕ್ ಹೇಳುವುದು — ಅವರ ಎದುರಿಗೇ! "ಎಷ್ಟು ರೈಸುತ್ತದೆ, ಸಭೆ ಹೇಗೆ ನಗುತ್ತದೆ ನೋಡು," ಎಂದ. ನಾನು ಅವನಿಗೆ ನಿಜ ಹೇಳಿದೆ. ಅವನು, "ಅದೆಲ್ಲ ಈಗ ಯಾಕೆ ಮಾರಾಯ? ಅವನಿಗೆ ಒಳ್ಳೆಯದೇ ಆಯ್ತಲ್ಲ. ನೀನು ಕಲ್ತು ಏನು ಕಡಿದು ಗುಡ್ಡೆ ಹಾಕಿದ್ದಿ? ಸುಮ್ಮನೆ ಭವನದ ಕೆಲಸ ನಿಲ್ಲಿಸ್ಬೇಡ," ಎಂದ.

ಒಳ್ಳೆಯದಾಯಿತಂತೆ. ಇದನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವನಿಗೆ ಒಳ್ಳೆಯದಾದದ್ದು ಅವನ ಕೈಯಿಂದ, ನಾನು ಅವನ ಬಾಯಿ ಕಟ್ಟಿದ್ದರಿಂದ ಅಲ್ಲ. ಮರುದಿನವೇ ಬೆಳ್ತಂಗಡಿಯ ಬಸ್ಸು ಹತ್ತಿದೆ.

ಹೋಟೆಲಿನ ಹಿಂದೆಯೇ ದೇಜಪ್ಪನ ಮನೆ. ನಾವು ಆಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಎಲ್ಲ ಹೇಳಿ ಮುಗಿಸುವ ತನಕ ಅವನು ಜಗಲಿಯ ಕುರ್ಚಿಯಿಂದ ಅಲುಗಲಿಲ್ಲ.

"ನನಗೆ ಗೊತ್ತುಂಟು ವಕೀಲರೇ," ಎಂದ. ಒಂದೇ ಬೆಂಚಿನವರು ನಾವು. ನನ್ನನ್ನು ವಕೀಲರೇ ಎಂದು ಕರೆದ. "ಅವತ್ತೇ ಗೊತ್ತಿತ್ತು. ನಿಮ್ಮ ಇಂಗ್ಲಿಷ್ ಅಷ್ಟು ಹಾಳಿರ್ಲಿಲ್ಲ."

"ಮತ್ತೆ ಯಾಕೆ ಇಷ್ಟು ವರ್ಷ—"

"ಸುಮ್ಮನಿರ್ಲಿಲ್ಲ ನಾನು. ಅಮ್ಮನಿಗೆ ಹೇಳಿದೆ. ಅವರು ನಂಬ್ಲಿಲ್ಲ. ಧಣಿಗಳ ಮಗ ಹಾಗೆ ಮಾಡ್ಲಿಕ್ಕಿಲ್ಲ, ನನ್ನ ಸಮಾಧಾನಕ್ಕೆ ನೀನು ಹೇಳ್ತಿ ಅಂದ್ರು. ನಿಮ್ಮ ಜೋಕ್ ಶಿರ್ತಾಡಿಯ ಅಂಗಡಿಗಳಿಗೂ ಬಂತಲ್ಲ? ದಾರಿಯಲ್ಲಿ ಹೋಗುವವರೆಲ್ಲ ಅಮ್ಮನಿಗೆ ಹೇಳಿದ್ರು — ನೀನು ಬುಡ್ಲೆ ಅಂದದ್ದಕ್ಕೆ ಮಗನ ಶಾಲೆ ಹೋಯ್ತಂತೆ! ಅಮ್ಮ ಅದನ್ನೇ ನಂಬಿದ್ರು. ಮಾಪು ಮಾಡಿ ಅನ್ಬೇಕಿತ್ತು, ಬುಡ್ಲೆ ಅಂದುಬಿಟ್ಟೆ, ನನ್ನ ನಾಲಗೆಗೆ ಬೆಂಕಿ ಬೀಳ್ಲಿ ಅಂತ ಇವತ್ತಿಗೂ ಹೇಳ್ತಾರೆ. ಆ ಶಬ್ದವನ್ನೇ ಮತ್ತೆ ಆಡಿದವರಲ್ಲ. ಹಟ್ಟಿಯಲ್ಲಿ ಕರು ಬಿಡು ಅನ್ಲಿಕ್ಕೂ ಕೈಸನ್ನೆ ಮಾಡ್ತಾರೆ."

ನನ್ನ ಜೀವಮಾನದ ವಾದವೆಲ್ಲ ಅಲ್ಲಿ ಮುಗಿಯಿತು. ನಾನು ಅವನ ಶಾಲೆಯನ್ನು ಕಿತ್ತುಕೊಂಡೆ ಎಂದುಕೊಂಡಿದ್ದೆ. ಆಕೆಯ ಬಾಯಿಯಿಂದ ಒಂದು ಮಾತನ್ನೂ ಕಿತ್ತುಕೊಂಡಿದ್ದೆ. ನಾವು ಸಭೆಯಲ್ಲಿ ನಕ್ಕಾಗಲೆಲ್ಲ ಆ ಹೆಂಗಸು ಮಗನ ಬದುಕನ್ನು ತಾನೇ ಹಾಳು ಮಾಡಿದೆ ಎಂದು—

"ಅವರಿಗೆ ನೀವೇ ಹೇಳ್ಬೇಕು," ಎಂದ ದೇಜಪ್ಪ. "ಧಣಿಗಳ ಮಗನ ಬಾಯಿಂದ ಬಂದ್ರೆ ಮಾತ್ರ ನಂಬ್ತಾರೆ."

ಒಳಗೆ ಆಕೆ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದರು. ಕಿವಿ ಮಂದ. ನಾನು ನೆಲದ ಮೇಲೆ ಕೂತು, ಗಟ್ಟಿಯಾಗಿ, ಹೋಟೆಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ನೀವು ಹೇಳಿದ್ದು ನನಗೆ ಅರ್ಥವಾಗಿತ್ತು, ಹೊಟ್ಟೆಕಿಚ್ಚಿಗೆ ನಾನು ಬೇರೆ ಹೇಳಿದೆ ಎಂದೆ. ಎರಡನೆಯ ಸಲ ಹೇಳಬೇಕಾಯಿತು. ಮೂರನೆಯ ಸಲವೂ.

ಆಕೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದರು: "ಅಂಚಾಂಡ... ಯಾನ್ ಸಮ ಪಂಡಿನಿ ಅತ್ತಾ?"

ಹಾಗಾದರೆ ನಾನು ಸರಿಯಾಗಿಯೇ ಹೇಳಿದ್ದಲ್ಲವಾ?

"ಅಂದ್ ಅಪ್ಪೆ," ಎಂದೆ. "ಈರ್ ಸಮ ಪಂಡಿನಿ. ತಪ್ಪು ಪಂಡಿನಾಯೆ ಯಾನ್." ಹೌದಮ್ಮ, ನೀವು ಸರಿಯಾಗಿ ಹೇಳಿದಿರಿ. ತಪ್ಪು ಹೇಳಿದವನು ನಾನು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಆಯಿತು ಮಗಾ ಎನ್ನುತ್ತಾರೆ ಎಂದು — ಇದನ್ನೂ ಒಪ್ಪಿಕೊಳ್ಳುತ್ತೇನೆ — ಒಳಗೊಳಗೇ ಆಸೆಪಟ್ಟಿದ್ದೆ. ಅದನ್ನೂ ಹೇಳಲಿಲ್ಲ. ನನ್ನಿಂದ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದರು. ಹಟ್ಟಿಯಲ್ಲಿ ಕರು ಕೂಗುತ್ತಿತ್ತು, ಸೊಸೆ ಹಾಲಿನ ಪಾತ್ರೆ ಹಿಡಿದು ನಿಂತಿದ್ದರು. ಮುದುಕಿ ಕೈ ಎತ್ತಿದರು, ಸನ್ನೆ ಮಾಡಲು. ಹಾಗೆಯೇ ಇಳಿಸಿದರು.

"ಕಂಜಿನ್ ಬುಡ್ಲ!" ಎಂದು ಕೂಗಿದರು. ಕರು ಬಿಡು.

ಸೊಸೆ ಗಕ್ಕನೆ ತಿರುಗಿ ನೋಡಿದರು. ನನ್ನ ಹಿಂದೆ ಬಾಗಿಲಲ್ಲಿ ನಿಂತಿದ್ದ ದೇಜಪ್ಪ ಗೋಡೆಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡ. ಆಕೆ ಇನ್ನೊಮ್ಮೆ ಕೂಗಿದರು, ಮೊದಲಿಗಿಂತ ಗಟ್ಟಿಯಾಗಿ. ನಾನು ಎದ್ದು ಬಂದೆ, ಯಾರೂ ಕೂರಿ ಎನ್ನಲಿಲ್ಲ.

ಈಗ ಸಂಘದವರಿಗೆ. ಇದು ನೀವು ಕೇಳಿದ ಇತಿಹಾಸ. ಒಂದು ಸಾಲನ್ನೂ ತೆಗೆಯಲು ಒಪ್ಪುವುದಿಲ್ಲ. ಪುಸ್ತಕದಲ್ಲಿ ಹಾಕದಿದ್ದರೆ ನಾನೇ ಅಚ್ಚು ಮಾಡಿಸಿ ಆ ಗೇಟಿನಲ್ಲಿ ನಿಂತು ಹಂಚುತ್ತೇನೆ. ಕಾರ್ಯಕ್ರಮದ ದಿನ ಆಕೆ ವೇದಿಕೆಗೆ ಬಂದರೆ, ಅವರ ಎದುರು ಇದನ್ನೇ ಹೇಳುತ್ತೇನೆ — ತುಳುವಿನಲ್ಲಿ, ಗೇಟಿನ ಒಳಗೆ ನಿಂತು. ಮೈಕು ಕೊಡದಿದ್ದರೂ ನನ್ನ ಗಂಟಲು ಇನ್ನೂ ಕೋರ್ಟಿನ ಗಂಟಲೇ. ಸಭೆ ಏನು ಬೇಕಾದರೂ ಅಂದುಕೊಳ್ಳಲಿ. ನನ್ನನ್ನು ಮಾತ್ರ ಬುಡ್ಲೆ ಎಂದು ನಾನು ಯಾರನ್ನೂ ಕೇಳುವುದಿಲ್ಲ.