ಕಂಬಳಿ ಕೋಣೆಯಲ್ಲಿ ಹುಟ್ಟಿದ ಗಿಟಾರ್

ಆಗೆಲ್ಲ ಸೂಟಿ ಬಿತ್ತೆಂದರೆ ಬೀಳಗಿಯಿಂದ ಕೆಂಪು ಬಸ್ಸು ಹತ್ತಿ ಹುನ್ನೂರಿನ ಅಜ್ಜನ ಮನೆಗೆ ಹೋಗುವುದೇ ನನ್ನ ದೊಡ್ಡ ಸಂಭ್ರಮ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು. ಶೇಂಗಾ ಹಿಂಡಿ ಹಚ್ಚಿದ ಸಜ್ಜೆ ರೊಟ್ಟಿ, ಬೇವಿನ ನೆರಳಲ್ಲಿ ಕುಂಟಾಟ, ಸಂಜೆ ಕುರಿಗಳು ದಡ್ಡಿಗೆ ಮರಳುವಾಗ ಏಳುವ ಧೂಳು. ನಿಮ್ಮ ಮಾಮಾಂದಿರು ನಿಮಗೆ ಪೆಪ್ಪರಮೆಂಟು ಕೊಡಿಸಿರಬಹುದು. ನನ್ನ ಮಾಮಾ ಮಾತ್ರ ನನಗೆ ಮೋಸ ಮಾಡಿದ. ಇಷ್ಟು ವರ್ಷವಾದರೂ ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

ಮಾಳಿಂಗ ಮಾಮಾ ಅವ್ವನ ಒಬ್ಬನೇ ತಮ್ಮ. ನಮ್ಮ ಮನೆದೇವರು ಬೀರಪ್ಪನ ಡೊಳ್ಳಿನ ಪದಗಳಿಗೆ ಗಿಟಾರ್ ಸೇರಿಸಿ ಹಾಡುವ ಮೇಳ ಕಟ್ಟಿದ್ದ. ಹಿರಿಯರು ಮೂಗು ಮುರಿಯುತ್ತಿದ್ದರು, ಹುಡುಗರು ಹಿಂದೆ ಹಿಂದೆ ತಿರುಗುತ್ತಿದ್ದರು. ಒಂದು ಕ್ಯಾಸೆಟ್ ತರಬೇಕೆಂಬುದೇ ಅವನ ಹುಚ್ಚು. ಆ ಬೇಸಿಗೆಯಲ್ಲಿ ಜಮಖಂಡಿಯಿಂದ ಒಬ್ಬರು ರೆಕಾರ್ಡಿಂಗ್ ಮಷಿನ್ನು ಹೊತ್ತು ತಂದರು. ನಡುಮನೆಯಲ್ಲಿ ದನಿ ಗೋಡೆಗೆ ಬಡಿದು ಮೊಳಗುತ್ತದೆಂದು ಮಾಮಾ ಅಜ್ಜ ನೇಯ್ದ ಕಂಬಳಿಗಳನ್ನೆಲ್ಲ ತಂದು ಗೋಡೆಗೂ ಕಿಟಕಿಗೂ ಇಳಿಬಿಟ್ಟ. ಹೊರಗೆ ಸುಡುವ ಬಿಸಿಲು. ಒಳಗೆ ಉಣ್ಣೆ, ಅದಕ್ಕೆ ಹಚ್ಚಿದ ಹುಣಸೆಬೀಜದ ಗಂಜಿ, ಗಂಡಸರ ಬೆವರು ಎಲ್ಲ ಸೇರಿದ ವಾಸನೆ.

ಮೊಳಗುವುದೇನೋ ನಿಂತಿತು. ಆದರೆ ಗಿಟಾರಿನ ಜೀವವೂ ಹೋಯಿತು. ಟೇಪು ಹಾಕಿ ಕೇಳಿದ ಅಜ್ಜ, "ಲೇ ಮಾಳಿಂಗಾ, ಇದು ಗಿಟಾರೋ, ನೆಗಡಿ ಆದ ಹೋತಾನೋ?" ಎಂದು ನಕ್ಕ.

ನಾನು ಪಡಸಾಲೆಯಲ್ಲಿ ನನ್ನ ಬುಲ್‌ಬುಲ್ ತರಂಗ ಇಟ್ಟುಕೊಂಡು ಕೂತಿದ್ದೆ. ಟೈಪ್‌ರೈಟರಿನಂಥ ಗುಂಡಿ ಒತ್ತುತ್ತ ಇನ್ನೊಂದು ಕೈಯಿಂದ ತಂತಿ ಮೀಟುವ ಆ ಉದ್ದನೆಯ ವಾದ್ಯವನ್ನು ಅಪ್ಪ ಕೊಡಿಸಿದ್ದ. ಒಳಗಿನ ಪದವನ್ನೇ ನಾನೂ ಬಾರಿಸುತ್ತಿದ್ದೆ. ತಟ್ಟನೆ ಬಾಗಿಲು ತೆರೆಯಿತು.

"ಲಕ್ಕವ್ವಾ, ಅದನ್ನ ತಗೊಂಡ ಒಳಗ ಬಾ."

ಒಂದೇ ಮೈಕಿನ ಆಚೆ ಈಚೆ ಕೂತೆವು. ಅವನು ಗಿಟಾರಿನಲ್ಲಿ ಬಾರಿಸಿದ್ದನ್ನೇ ನಾನು ಮೇಲಿನ ಸ್ವರದಲ್ಲಿ ಮೀಟಬೇಕು. ನನ್ನ ಕೈ ಪ್ರತಿ ಸಲವೂ ಕೂದಲೆಳೆಯಷ್ಟು ತಡವಾಗುತ್ತಿತ್ತು. "ಬರೋಬ್ಬರಿ ಸಂಗಾಟ ಹೊಡಿಯವಾ!" ಎಂದು ಬೈದ. ಆದರೆ ಟೇಪು ತಿರುಗಿಸಿ ಕೇಳಿದವನು ಮತ್ತೊಮ್ಮೆ ತಿರುಗಿಸಿ ಕೇಳಿದ. ಎರಡು ನಾದ ಒಂದರ ಬೆನ್ನಿಗೊಂದು ಹತ್ತಿ, ಗಿಟಾರೂ ಅಲ್ಲದ ಬುಲ್‌ಬುಲ್ಲೂ ಅಲ್ಲದ ಹೊಸದೊಂದು ಝಣಝಣ ಹುಟ್ಟಿತ್ತು. ಗುಡ್ಡದಿಂದ ಇಡೀ ಹಿಂಡು ಇಳಿಯುವಾಗ ಕೊರಳಗಂಟೆಗಳು ಕೇಳಿದ ಹಾಗೆ.

"ಇನ್ನ ಹಿಂಗ ತಡಾ ಮಾಡೇ ಹೊಡಿ. ಸರಿ ಹೊಡದಿ ಅಂದ್ರ ನೋಡ ಮತ್ತ!" ಎಂದ. ನನ್ನ ವಾದ್ಯದ ಒಂದು ತಂತಿಯನ್ನು ತಾನೇ ಚೂರು ಹೆಚ್ಚು ಬಿಗಿದ. ಝಣಝಣ ಇನ್ನಷ್ಟು ಮಿನುಗಿತು.

ಬೆರಳಿಗೆ ಗುಳ್ಳೆ ಏಳುವತನಕ ಬಾರಿಸಿದೆ. ಸಂಜೆ ಅಜ್ಜಿ ಬೆಣ್ಣೆ ಸವರಿದಳು. ಮಾಮಾ ದೇವರ ಜಗಲಿಯ ಮೇಲಿನ ಭಂಡಾರ, ಅಂದರೆ ಬೀರಪ್ಪನ ಅರಿಶಿನಪುಡಿ, ತಂದು ನನ್ನ ಹಣೆಗೆ ಹಚ್ಚಿದ. "ಬೀರಪ್ಪನ ಭಂಡಾರ ಮುಟ್ಟಿ ಹೇಳ್ತೇನಿ, ಲಕ್ಕವ್ವಾ. ಕ್ಯಾಸೆಟ್ಟಿನ ಮ್ಯಾಲೆ ನಿನ್ನ ಹೆಸರ ಹಾಕಸ್ತೇನಿ. ಸ್ಟೇಜಿನ ಮ್ಯಾಲೆ ನನ್ನ ಬಾಜೂಕ ಕುಂಡ್ರಸ್ತೇನಿ." ಭಂಡಾರ ಮುಟ್ಟಿ ಕೊಟ್ಟ ಮಾತನ್ನು ನಮ್ಮವರು ಮುರಿಯುವುದಿಲ್ಲ. ಹಾಗಾಗಿ ಬೀಳಗಿಗೆ ಮರಳಿದವಳೇ ಸಾಲೆಯ ಗೆಳತಿಯರಿಗೆಲ್ಲ ಸಾರಿಬಿಟ್ಟೆ.

ಮಳೆಗಾಲದಲ್ಲಿ ಕ್ಯಾಸೆಟ್ ಬಂತು. ಚಹಾದಂಗಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ, ಎಲ್ಲಿ ನೋಡಿದರೂ ಅದೇ ಝಣಝಣ. ಕವರಿನ ಮೇಲೆ ನಾಲ್ಕು ಗಂಡಸರ ಫೋಟೋ. ಕೆಳಗೆ ಅಚ್ಚಾಗಿತ್ತು: ಗಿಟಾರ್, ಮಾಳಿಂಗ. ಕಾಗದ ಹೊರಗೆಳೆದು ಒಳಮೈಯನ್ನೂ ನೋಡಿದೆ. ನಾನಿರಲಿಲ್ಲ. "ಜಾಗಾ ಸಾಲಿರಂಗಿಲ್ಲ," ಎಂದಳು ಅವ್ವ. ನಂಬಿದೆ. ಸ್ಟೇಜು ಇನ್ನೂ ಬಾಕಿ ಇತ್ತಲ್ಲ.

ದಸರಾ ಸೂಟಿಯಲ್ಲಿ ಮುಧೋಳದಲ್ಲಿ ಮೇಳದ ಕಾರ್ಯಕ್ರಮ. ಹೊಸ ಲಂಗ ಉಟ್ಟು, ಬುಲ್‌ಬುಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. "ಹೆಣ್ಮಕ್ಕಳ ಕಡೆ ಕೂಡು, ಕರೀತೇನಿ," ಎಂದ ಮಾಮಾ. ಮೊದಲ ಪದ ಸಪ್ಪೆಯಾಯಿತು. ಹಿಂದಿನಿಂದ ಕೂಗು ಎದ್ದಿತು. "ಏ, ಕ್ಯಾಸೆಟ್ಟಿನ್ಯಾಗಿನ ಗಿಟಾರ್ ಬಾರಸೋ!"

ನಾನು ಟವೆಲು ಬಿಚ್ಚಿದೆ. ಮಾಮಾ ನನ್ನ ಕಡೆ ನೋಡಿದ. ಖರೆ ಹೇಳುತ್ತೇನೆ, ಕಣ್ಣಿಗೆ ಕಣ್ಣಿಟ್ಟು ನೋಡಿದ. ಆಮೇಲೆ ಬಾಗಿ ಲೌಡ್‌ಸ್ಪೀಕರಿನವನ ಕಿವಿಯಲ್ಲಿ ಏನೋ ಹೇಳಿದ. ಹಾರ್ನಿನಿಂದ ಕ್ಯಾಸೆಟ್ಟೇ ಮೊಳಗತೊಡಗಿತು. ಮಾಮಾನ ಬೆರಳುಗಳು ಗಿಟಾರಿನ ಮೇಲೆ ಸುಮ್ಮನೆ ಓಡುತ್ತಿದ್ದವು. ಜನ ಸಿಳ್ಳೆ ಹಾಕಿದರು. ತಡವಾಗಿ ಬಿದ್ದ ಪ್ರತಿಯೊಂದು ಪೆಟ್ಟೂ ನನ್ನದು, ನಾನು ಹೆಂಗಸರ ನಡುವೆ ಕೂತಿದ್ದೆ. ಎದ್ದು ನಿಂತೆ. ಅವ್ವ ಲಂಗ ಹಿಡಿದು ಜಗ್ಗಿ ಕೂರಿಸಿದಳು.

"ಸುಮ್ನ ಕೂಡು. ಮಂದ್ಯಾಗ ನನ್ನ ತಮ್ಮನ ಮಾನಾ ಕಳೀಬ್ಯಾಡ. ಮನಿಗೆ ಹೋದಮ್ಯಾಲೆ ನಾನ ಕೇಳ್ತೇನಿ."

ಮನೆಗೆ ಹೋದ ಮೇಲೆ ಅವಳು ಕೇಳಲಿಲ್ಲ. ನಾನೇ ಕೇಳಿದೆ. ಮಾಮಾ ಮಿರ್ಚಿ ಭಜಿಯ ಪೊಟ್ಟಣ ನನ್ನ ಕೈಗಿಟ್ಟು ನಕ್ಕ. "ನೀ ಮನಿ ಹುಡುಗಿ. ಮನ್ಯಾಗಿನೋರ ಹೆಸರ ಯಾರರೆ ಛಾಪಸ್ತಾರೇನ, ಹುಚ್ಚಿ?" ಅವ್ವ ಅಲ್ಲೇ ಪಾತ್ರೆ ತಿಕ್ಕುತ್ತಿದ್ದಳು. ಕೈ ನಿಂತಿತು, ಮುಖ ತಿರುಗಲಿಲ್ಲ. ನಾನು ಭಜಿ ತಿನ್ನಲಿಲ್ಲ. ಬುಲ್‌ಬುಲ್ಲನ್ನು ಮತ್ತೆಂದೂ ಮುಟ್ಟಲಿಲ್ಲ.

ಮಾಮಾ ಈಗಿಲ್ಲ. ಮೊನ್ನೆ ನಾನು, ಅವ್ವ, ಮಗಳು ಜಮಖಂಡಿ ಕಡೆ ಟೆಂಪೋದಲ್ಲಿ ಹೊರಟಿದ್ದಾಗ ಡ್ರೈವರ್ ಪೆನ್‌ಡ್ರೈವಿನಲ್ಲಿ ಅದೇ ಪದ ಹಾಕಿದ. ನನಗೆ ತಡೆಯಲಾಗಲಿಲ್ಲ. ಮಗಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕಣ್ಣರಳಿಸಿ ಅಜ್ಜಿಯ ಕಡೆ ತಿರುಗಿದಳು. "ಖರೇನ ಅಜ್ಜಿ? ಇದು ಮಮ್ಮಿ ಬಾರಿಸಿದ್ದಾ?"

ಅವ್ವ ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತಿದ್ದಳು. "ಇಲ್ಲವಾ. ಅದು ನನ್ನ ತಮ್ಮ ಬಾರಸಿದ್ದು."

ಮಗಳು ನನ್ನ ಮೊಣಕಾಲು ತಟ್ಟಿದಳು. "ಇರ್ಲಿ ಬಿಡು ಮಮ್ಮಿ, ಹಾಡು ಮಾತ್ರ ಛಲೋ ಐತಿ."

ಆ ಕಾಲದ್ದು ಎಷ್ಟೋ ಹೋಯಿತು. ಕ್ಯಾಸೆಟ್ಟು, ಅಜ್ಜನ ಮಗ್ಗ, ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕ ನಮ್ಮ ಬೀಳಗಿ ಕಡೆಯ ಹೊಲ. ಎಲ್ಲವನ್ನೂ ಹೇಗೋ ಸೈರಿಸಿಕೊಂಡೆ. ಅವ್ವ ಒಂದಲ್ಲ ಒಂದು ದಿನ ನನ್ನ ಪರವಾಗಿ ಬಾಯಿ ಬಿಡುತ್ತಾಳೆಂದು ಮಾತ್ರ ಕಾಯುತ್ತಲೇ ಇದ್ದೆ. ಮೊನ್ನೆ ಟೆಂಪೋದಲ್ಲಿ ಅವಳು ಬಾಯಿ ಬಿಟ್ಟಳು.